ಬಾಗಿಲವರೆಗೆ ಹೋದರೆ ಕರೀತಾರೆ

ನಮ್ಮ ಬಿಲ್ಡಿಂಗಿನಲ್ಲಿ ಒಂದು ವಾರ ಯಾವ ಎಡವಟ್ಟೂ ಆಗದೆ ಕಳೆದರೆ ಜನ ನನ್ನ ಹಣೆ ಮುಟ್ಟಿ ನೋಡುತ್ತಾರೆ, ಹುಡುಗನಿಗೆ ಜ್ವರ ಬಂದಿರಬೇಕು ಅಂತ. ನಾನು ಹತ್ತನೇ ಕ್ಲಾಸಿಗೆ ಎರಡು ಸಲ ಕೂತು, ಎರಡು ಸಲವೂ ಗಣಿತದ ದಿನ ಅರ್ಧಕ್ಕೇ ಎದ್ದು ಬಂದವ. ಈಗ ಹದಿನೇಳು. ಚೆಂಬೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಬೆಲ್ ಒತ್ತಿ ಓಡುವುದು, ಲಿಫ್ಟ್ ಇಲ್ಲದ ಬಿಲ್ಡಿಂಗಿನಲ್ಲಿ "ಲಿಫ್ಟ್ ಬಂದ್" ಅಂತ ಬೋರ್ಡ್ ತೂಗುಹಾಕುವುದು, ಇಂಥವಕ್ಕೆಲ್ಲ ಜನ ಬೈದು ಮರೆಯುತ್ತಾರೆ. ಆದರೆ ಈ ಸಲದ್ದು ಹಾಗಲ್ಲ. ಈ ಸಲ ಚಿಕ್ಕಮ್ಮನ ಮೊಣಕಾಲು ನನ್ನ ಕುಚೇಷ್ಟೆಯ ಮಧ್ಯೆ ಸಿಕ್ಕಿಬಿದ್ದಿತ್ತು.

ಚಿಕ್ಕಮ್ಮ ನಾಲ್ಕು ಮನೆಯಲ್ಲಿ ಅಡುಗೆ ಮಾಡುತ್ತಾಳೆ. ನಾಲ್ಕೂ ಮನೆ ಮೂರನೇ ಮಾಳಿಗೆಯಲ್ಲೇ, ಯಾವುದಕ್ಕೂ ಲಿಫ್ಟ್ ಇಲ್ಲ. ಸಂಜೆ ಬಂದರೆ ಮೊದಲು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾಳೆ. ಬೆಳಿಗ್ಗೆ ಎದ್ದು ಎರಡು ಚಹಾದ ಅಂಗಡಿಗಳಿಗೆ ಬನ್ಸ್ ಕರಿದು ಕೊಡುತ್ತಾಳೆ. ನಮ್ಮ ಊರ ಕಡೆಯ ಬನ್ಸ್, ಬಾಳೆಹಣ್ಣು ಕಿವುಚಿ ಮೈದಾ ಕಲಸಿ ಪೂರಿಯ ಹಾಗೆ ಉಬ್ಬಿಸುವಂಥದ್ದು. ಅದನ್ನು ಯಾರ ಕೈಯಿಂದಲೋ ತಿಂದ ಗೋರೆಗಾಂವಿನ ಒಂದು ಆಫೀಸಿನ ಮೇಡಂ ಫೋನ್ ಮಾಡಿದರು. ಅವರಲ್ಲಿ ಬೆಳಗಿನ ತಿಂಡಿಗೆ ಹೊಸಬರನ್ನು ಹುಡುಕುತ್ತಿದ್ದಾರಂತೆ. ಮೂರು ಶನಿವಾರ ಕಳೆದು ನಾಲ್ಕನೇ ಶನಿವಾರ ಬಂದು ತೋರಿಸಬೇಕಂತೆ, ಬೇರೆಯವರೂ ಬರುತ್ತಾರಂತೆ. ಆ ಕೆಲಸ ಸಿಕ್ಕಿದರೆ ನಾಲ್ಕು ಮನೆಯ ಮೆಟ್ಟಿಲು ಬಿಡಬಹುದು. ಚಿಕ್ಕಮ್ಮ ಫೋನ್ ಇಟ್ಟು, ಮೊಣಕಾಲನ್ನು ಒಮ್ಮೆ ಸವರಿಕೊಂಡಳು.

ಸೇಠ್ ಕೆಮ್ಮುವ ಮೊದಲೇ

ಅದೇ ತಿಂಗಳು ಟಿವಿಯಲ್ಲಿ ಒಂದು ಬಿಸಿನೆಸ್ ಶೋ ಬರುತ್ತಿತ್ತು. ವಾರಕ್ಕೊಂದು ಟಾಸ್ಕ್. ಕೊಟ್ಟ ಮಾಲು ಮಾರಬೇಕು, ಇಲ್ಲ ಮೂವರು ಸೇಠ್‌ಗಳ ಮುಂದೆ ನಿಂತು ತಮ್ಮ ದಂಧೆಗೆ ದುಡ್ಡು ಹಾಕಲು ಅವರನ್ನು ಒಪ್ಪಿಸಬೇಕು. ಸೋತವರಲ್ಲಿ ಒಬ್ಬರು ಮನೆಗೆ. ಪ್ರತಿ ಭಾನುವಾರ ಸಂಜೆ ಏಳಕ್ಕೆ ಚಿಕ್ಕಮ್ಮನ ಮನೆಯಲ್ಲಿ ಮೂವರು ಸೇಠ್‌ಗಳಿಗಿಂತ ದೊಡ್ಡ ಇಬ್ಬರು ಸೇಠ್‌ಗಳು ಕೂರುತ್ತಿದ್ದರು. ಒಬ್ಬರು ನನ್ನ ಮಾವ, ಚಿಕ್ಕಮ್ಮನ ಅಣ್ಣ, ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಮ್ಯಾನೇಜರ್. ಇನ್ನೊಬ್ಬರು ಪಕ್ಕದ ಮನೆಯ ಕಾಕಾ, ವಿಜಯಪುರದ ಕಡೆಯವರು, ಟೈಲ್ಸ್ ಕೂರಿಸುವ ಕಾಂಟ್ರಾಕ್ಟರ್.

ಮಾವನ ಪಾರ್ಟಿ ಟೈ ಕಟ್ಟಿದ ಹುಡುಗ. ಕಾಕಾನ ಪಾರ್ಟಿ ಹಪ್ಪಳ ಮಾಡುವ ಒಬ್ಬ ಹೆಂಗಸು, ಇಲ್ಲಿಯ ಮಾತಲ್ಲಿ ಬಾಯಿ. ಟೈ ಹುಡುಗ ಬಾಯಿ ಬಿಟ್ಟರೆ ಮಾವ ತಲೆದೂಗುವುದು, ಹಪ್ಪಳದ ಬಾಯಿ ಬಾಯಿ ಬಿಟ್ಟರೆ ಕಾಕಾ ತೊಡೆ ತಟ್ಟುವುದು. ಜಾಹೀರಾತು ಬಂದಾಗ ಮಾತ್ರ ಇಬ್ಬರೂ ಒಂದಾಗಿ, ಈ ಸೇಠ್‌ಗಳಿಗೆ ಏನೂ ಗೊತ್ತಿಲ್ಲ ಅಂತ ಒಪ್ಪುತ್ತಿದ್ದರು.

ಈಗ ನನ್ನ ಪಾಪ ಹೇಳುತ್ತೇನೆ. ಆ ಶೋ ಟಿವಿಗೆ ಬರುವ ಮೊದಲೇ, ಮಧ್ಯಾಹ್ನ ಹನ್ನೆರಡಕ್ಕೇ ಫೋನಿನ ಆ್ಯಪಿನಲ್ಲಿ ಬರುತ್ತಿತ್ತು. ಇದು ಇವರಿಬ್ಬರಿಗೂ ಗೊತ್ತಿರಲಿಲ್ಲ. ನಾನು ಟೆರೇಸಿನ ನೀರಿನ ಟಾಕಿಯ ನೆರಳಲ್ಲಿ ಕೂತು ಪೂರ್ತಿ ನೋಡಿ, ಸಂಜೆ ಏನೂ ಗೊತ್ತಿಲ್ಲದವನ ಹಾಗೆ ಮೂಲೆಯಲ್ಲಿ ಕಡ್ಲೆ ತಿನ್ನುತ್ತಾ ಕೂರುತ್ತಿದ್ದೆ.

ಆ ಭಾನುವಾರ ಹಪ್ಪಳದ ಬಾಯಿ ಸೇಠ್‌ಗಳ ಮಾತಿಗೆ ಒಪ್ಪದೆ, ಕೈಮುಗಿದು ಎದ್ದು ಹೊರಟಳು. ಇದೆಂತ ದಡ್ಡತನ, ಬಂದ ಲಕ್ಷ್ಮಿಯನ್ನು ಒದೆಯುವುದುಂಟಾ ಅಂತ ಮಾವ ರಿಮೋಟನ್ನೇ ಅವಳ ಕಡೆ ಬೀಸಿದರು. ಕಾಕಾನ ಮುಖ ಬಿಳಿಚಿತು. ನಾನು ಕಡ್ಲೆ ಜಗಿಯುತ್ತಾ, ಬಾಗಿಲವರೆಗೆ ಹೋಗಲಿ, ಕರೀತಾರೆ ಅಂದೆ. ಬಾಗಿಲ ಹತ್ತಿರ ಅವಳ ಕೈ ಹೋಗುವಾಗ ಸೇಠ್ "ರುಕಿಯೇ" ಅಂದ. ಕಾಕಾ ನನ್ನ ಕಡೆ ತಿರುಗಿದರು. ನಾನು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಈಗ ನಡುವಿನ ಸೇಠ್ ಎರಡು ಸಲ ಕೆಮ್ಮಿ, ನೀರು ಕುಡಿದು, ಟೈ ಹುಡುಗನನ್ನು ಮನೆಗೆ ಕಳಿಸುತ್ತಾನೆ ಅಂದೆ. ಸೇಠ್ ಕೆಮ್ಮಿದ. ಮತ್ತೆ ಕೆಮ್ಮಿದ. ನೀರು ಕುಡಿದ. ಟೈ ಹುಡುಗ ಮನೆಗೆ ಹೋದ.

ಕಾಕಾ ಎದ್ದು ಬಂದು ನನ್ನ ತಲೆ ಮೇಲೆ ಕೈಯಿಟ್ಟರು. "ಮ್ಯಾನೇಜರ್ರ, ಈ ಹುಡುಗ ಹತ್ತನೇತ್ತೆದಾಗ ಫೇಲ್ ಆಗಿಲ್ರಿ. ಹತ್ತನೇತ್ತೆನ ಇವನ ಮುಂದ ಫೇಲ್ ಆಗೇತಿ."

ಅವತ್ತಿನಿಂದ ಗೋರೆಗಾಂವಿನ ಶನಿವಾರಕ್ಕೆ ಚಿಕ್ಕಮ್ಮನನ್ನು ತಯಾರು ಮಾಡುವ ಜವಾಬ್ದಾರಿ ನನ್ನ ತಲೆಗೆ ಬಂತು. ನಿಜ ಹೇಳಬಹುದಿತ್ತು. ಆದರೆ ಜೀವನದಲ್ಲಿ ಮೊದಲ ಸಲ ದೊಡ್ಡವರು ನನಗೆ ಕುರ್ಚಿ ಕೊಟ್ಟಿದ್ದರು.

ಅರ್ಧ ಅಡ್ವಾನ್ಸ್

ಮಾವನ ಪ್ರಕಾರ ಟೈ ಹುಡುಗ ಸೋತದ್ದು ಒಂದೇ ತಪ್ಪಿಗೆ. ಗಿರಾಕಿಯ ಹತ್ತಿರ "ಬೇಕಾ" ಅಂತ ಕೇಳಿದ. ಬೇಕಾ ಅಂದರೆ ಯಾರಾದರೂ ಬೇಡ ಅಂತಾರೆ, "ಒಂದಾ ಎರಡಾ" ಅಂತ ಕೇಳಬೇಕು, ಹೋಟೆಲಿನವರ ವಿದ್ಯೆ ಅದು. ಕಾಕಾ ಒಪ್ಪಲಿಲ್ಲ. ಮಾಲು ಹಿಡಿದು ತೋರಿಸಬೇಕು, ಕರಾರು ಗಟ್ಟಿ ಇರಬೇಕು, ಮಾತು ಆಮೇಲೆ ಅಂದರು. ಆಫೀಸಿನಲ್ಲಿ ಚಿಕ್ಕಮ್ಮ ಯಾರ ಪದ್ಧತಿಯಲ್ಲಿ ಮಾತಾಡಬೇಕು ಅಂತ ಜಗಳ ಹತ್ತಿತು. ನಾನು ಕುರ್ಚಿಯಲ್ಲಿ ಕೂತವ ಅಲ್ವಾ, ಟಾಸ್ಕ್ ಇಡೋಣ ಅಂದೆ. ಭಾನುವಾರ ಬೆಳಿಗ್ಗೆ ಗೇಟಿನ ಹೊರಗೆ ಎರಡು ಟೇಬಲ್, ಒಬ್ಬೊಬ್ಬರಿಗೆ ಇಪ್ಪತ್ತು ಬನ್ಸ್, ಚಟ್ನಿ ಬೇರೆ. ಶೋದಲ್ಲಿ ಮಾಲು ಶೋದವರೇ ಕೊಡುತ್ತಾರೆ, ಇಲ್ಲಿ ನನ್ನ ಮೈದಾ ಹೋಗುತ್ತದೆ ಅಂತ ಚಿಕ್ಕಮ್ಮ ಗೊಣಗಿದಳು. ಆದರೂ ಕರಿದು ಕೊಟ್ಟಳು.

ಮಾವನ ಟೇಬಲ್ಲಿಗೆ ಮೊದಲ ಗಿರಾಕಿ ಬಂದದ್ದು ವಾಕಿಂಗ್ ಮುಗಿಸಿದ ಒಬ್ಬ ದಪ್ಪ ಮನುಷ್ಯ. ಮಾವ ಕಣ್ಣಲ್ಲಿ ಕಣ್ಣಿಟ್ಟು "ಒಂದಾ ಎರಡಾ" ಅಂದರು. ಆತ ತಬ್ಬಿಬ್ಬಾಗಿ ಎರಡು ಅಂದ. ಇಲ್ಲಿಯವರೆಗೆ ವಿದ್ಯೆ ಕೆಲಸ ಮಾಡಿತು. ಆಮೇಲೆ ಮಾವ ಮೂವತ್ತು ವರ್ಷದ ಅಭ್ಯಾಸದಂತೆ ಕುತ್ತಿಗೆ ಹಿಂದಕ್ಕೆ ತಿರುಗಿಸಿ, "ಎರಡು ಬನ್ಸ್, ಚಟ್ನಿ ಜಾಸ್ತಿ" ಅಂತ ಕೂಗಿ ಆರಾಮಾಗಿ ಕೂತರು. ಹಿಂದೆ ಇದ್ದದ್ದು ಕಂಪೌಂಡ್ ಗೋಡೆ. ಗಿರಾಕಿ ಗೋಡೆ ನೋಡಿದ. ಮಾವ ಎರಡು ನಿಮಿಷ ಬಿಟ್ಟು, ಎಂತ ಲೇಟು ಮಾರಾಯ ಅಂತ ಗೋಡೆಗೆ ಗದರಿದರು. ಬನ್ಸಿನ ಪಾತ್ರೆ ಅವರ ಹೊಟ್ಟೆಗೆ ತಾಗಿಕೊಂಡೇ ಇತ್ತು. ಕೊನೆಗೆ ಗಿರಾಕಿ ತಾನೇ ಈ ಕಡೆ ಬಂದು ಮುಚ್ಚಳ ತೆಗೆಯಲು ಹೋದ. ಮಾವ ಅವನ ಕೈ ಹಿಡಿದು, ಅಡುಗೆಮನೆಗೆಲ್ಲ ಬರುವ ಹಾಗಿಲ್ಲ, ಹೋಗಿ ಕೂತುಕೊಳ್ಳಿ ಅಂದರು.

ಕಾಕಾನದು ಬೇರೆಯೇ ಗತ್ತು. ಬಂದವರಿಗೆ ಬನ್ಸ್ ಎತ್ತಿ ತೋರಿಸುವುದು, ಬೆರಳಿಂದ ತಟ್ಟಿ ಟೈಲಿನ ಹಾಗೆ ಸದ್ದು ಕೇಳಿಸುವುದು, ಆಮೇಲೆ ಕರಾರು ಹೇಳುವುದು: ಅರ್ಧ ದುಡ್ಡು ಅಡ್ವಾನ್ಸ್, ಉಳಿದರ್ಧ ಕೆಲಸ ಮುಗಿದ ಮೇಲೆ. ಕಾಲೇಜಿನ ಒಬ್ಬ ಹುಡುಗ ಅರ್ಧ ಕೊಟ್ಟ, ತಿನ್ನತೊಡಗಿದ. ಒಂದು ಚೂರು ಉಳಿಸಿ, ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೊರಟ. ಉಳಿದದ್ದು ಕೊಡು ಅಂತ ಕಾಕಾ ಬೆನ್ನು ಹತ್ತಿದರು. ಹುಡುಗ ಜೇಬು ತಟ್ಟಿ ತೋರಿಸಿ, ಕಾಮ್ ಅಭೀ ಬಾಕೀ ಹೈ ಅಂಕಲ್ ಅಂದ, ಕೆಲಸ ಇನ್ನೂ ಮುಗಿದಿಲ್ಲವಲ್ಲ ಅಂತ.

ಕಾಕಾ ವಾಪಸ್ ಬಂದು ಕೂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಒಂಥರಾ ಗೌರವ ಇತ್ತು. "ಇದನ್ನ ನಾನು ಬಿಲ್ಡರ್‌ಗೋಳ ಕಡಿಂದ ಇಪ್ಪತ್ತು ವರ್ಷ ಕೇಳೀನಿ. ಈ ಮಗ ಎಲ್ಲಿ ಕಲ್ತಾನೋ ಏನೋ."

ಯಾರು ಗೆದ್ದರು ಅಂತ ಹೇಳುವಂತಿರಲಿಲ್ಲ. ಮಾವನ ಟೇಬಲ್ಲಿನಲ್ಲಿ ಆರು ಹೋದವು, ಕಾಕಾನದರಲ್ಲಿ ಐದೂಮುಕ್ಕಾಲು. ಮಾಲಿನ ಗುಣಮಟ್ಟ ಪರೀಕ್ಷಿಸುವುದು ತೀರ್ಪುಗಾರನ ಕೆಲಸ, ಅದರಲ್ಲಿ ಹನ್ನೊಂದು ಖಾಲಿಯಾದವು.

ಅಳು ಬಾರದ ಚಿಕ್ಕಮ್ಮ

ಮುಂದಿನ ವಾರ ಕಾಕಾನ ಮಗಳು ನಮ್ಮ ಸಭೆಗೆ ಸೇರಿಕೊಂಡಳು. ಹನ್ನೆರಡನೇ ಕ್ಲಾಸ್ ಕಾಮರ್ಸ್. ಅವಳ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತದೆ. ಅವಳು ಹಳೇ ಎಪಿಸೋಡುಗಳನ್ನೆಲ್ಲ ನೋಡಿ ಒಂದು ಸತ್ಯ ಕಂಡುಹಿಡಿದಿದ್ದಳು. "ಆಂಟಿ, ನಿಮ್ದು ಒಂದು ಸ್ಟೋರಿ ಬೇಕು ನಾ. ಜೋ ರೋತಾ ಹೈ, ವಹೀ ಜೀತ್ತಾ ಹೈ."

ಮಾವ ಒಪ್ಪಿದರು. ಹಪ್ಪಳದ ಬಾಯಿ ಎರಡು ಸಲ ಅತ್ತದ್ದಕ್ಕೇ ಉಳಿದುಕೊಂಡದ್ದು, ಟೈ ಹುಡುಗ ಒಮ್ಮೆ ಅತ್ತಿದ್ದರೆ ಇವತ್ತೂ ಇರುತ್ತಿದ್ದ ಅಂತ ಅವರ ನೋವು. ಕಾಕಾ, ಆಕೀ ಅಳು ಖರೇ ಇತ್ತು ಅಂತ ವಾದಕ್ಕೆ ನಿಂತರು. ಎಲ್ಲರೂ ಕೊನೆಗೆ ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಧ್ಯಾನ ಮಾಡಿದ ಹಾಗೆ ಮಾಡಿ, ಚಿಕ್ಕಮ್ಮ ಅಳಬೇಕು ಅಂದೆ.

ಚಿಕ್ಕಮ್ಮನಿಗೆ ಅಳು ಬರಲಿಲ್ಲ. ಮೊಣಕಾಲು ನೆನೆಸಿಕೊ ಅಂದರು ಮಾವ. ನೆನೆಸಿಕೊಂಡರೆ ಎಣ್ಣೆ ಹಚ್ಚಬೇಕು ಅನ್ನಿಸುತ್ತದೆ, ಅಳಬೇಕು ಅನ್ನಿಸುವುದಿಲ್ಲ ಅಂದಳು. ನಾನು ಹೇಗೂ ನಾಳೆಯ ಅಡುಗೆಗೆ ಬೇಕಲ್ಲ ಅಂತ ಈರುಳ್ಳಿಯ ಚೀಲ ತಂದು ಸುರಿದೆ. ಎಲ್ಲರೂ ಸುತ್ತ ಕೂತೆವು, ಚಿಕ್ಕಮ್ಮ ಹೆಚ್ಚತೊಡಗಿದಳು. ದಿನಾ ನಾಲ್ಕು ಮನೆಯ ಈರುಳ್ಳಿ ಹೆಚ್ಚುವವಳು ಅವಳು. ಕಣ್ಣು ಮಿಟುಕಿಸಲೂ ಇಲ್ಲ. ಆದರೆ ಐದು ನಿಮಿಷದಲ್ಲಿ ಮಾವ ಪಂಚೆಯ ಚುಂಗಿನಿಂದ ಮೂಗು ಒರೆಸುತ್ತಿದ್ದರು, ಕಾಕಾ ಬಿಕ್ಕುತ್ತಿದ್ದರು, ಅವರ ಮಗಳು ಗೋಡೆಗೆ ಹಣೆ ಹಚ್ಚಿ ಕೂತಿದ್ದಳು. ಈರುಳ್ಳಿಯ ಘಾಟು ಹೋಗಲಿ ಅಂತ ಬಾಗಿಲು ತೆರೆದಿಟ್ಟಿದ್ದೆವು.

ಎದುರುಮನೆಯ ಮರಾಠಿ ಅಜ್ಜಿ ಬಾಗಿಲಿಂದ ಇಣುಕಿದರು, ಹೊರಟುಹೋದರು. ಹತ್ತು ನಿಮಿಷದಲ್ಲಿ ಕೆಟ್ಲಿ ತುಂಬ ಚಹಾ, ತಟ್ಟೆಯಲ್ಲಿ ಬಿಸ್ಕತ್ತು ಹಿಡಿದು ವಾಪಸ್ ಬಂದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಚಹಾ ತರಬೇಕು, ಅದು ನಮ್ಮ ಬಿಲ್ಡಿಂಗಿನ ಪದ್ಧತಿ. ಯಾರು, ಏನು ಅಂತ ಕೇಳುವ ಪದ್ಧತಿಯೂ ಇಲ್ಲ. ಅಜ್ಜಿ ಅಳುವವರನ್ನೆಲ್ಲ ಬಿಟ್ಟು, ಕಣ್ಣು ಒಣಗಿದ್ದ ಚಿಕ್ಕಮ್ಮನ ಪಕ್ಕ ಕೂತು ಬೆನ್ನು ಸವರಿದರು. ದುಃಖ ಒಳಗೇ ಇಟ್ಟುಕೊಳ್ಳಬೇಡ ಮಗಳೇ, ಅತ್ತುಬಿಡು ಅಂದರು. ಆಗ ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು. ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು, ಹೆಗಲು ಅಲುಗುತ್ತಿತ್ತು. ಅಜ್ಜಿಗೆ ಸಮಾಧಾನವಾಯಿತು.

ಅಜ್ಜಿಗೆ ನಿಜ ಹೇಳಬೇಕಾದವ ನಾನು. ಹೇಳಿದೆ ಕೂಡ. ಮೊದಲು ಬಿಸ್ಕತ್ತು ಮುಗಿಯಲಿ ಅಂತ ಕಾದೆ ಅಷ್ಟೆ.

ಹದಿನೈದು ಹೆಜ್ಜೆ

ಶನಿವಾರ ಬಂತು. ಚಿಕ್ಕಮ್ಮ ನಾಲ್ಕು ಮನೆಗೂ ರಜೆ ಹೇಳಿ, ಮದುವೆಗೆ ಉಡುವ ಸೀರೆ ಉಟ್ಟು, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಬನ್ಸ್, ಚಟ್ನಿ ತುಂಬಿದಳು. ಅವಳು, ಮಾವ, ಕಾಕಾ, ನಾನು. ವಡಾಲಾದಲ್ಲಿ ಲೋಕಲ್ ಟ್ರೈನ್ ಬದಲಿಸಿ ಗೋರೆಗಾಂವ್. ದಾರಿಯುದ್ದಕ್ಕೂ ಮಾವ ನನ್ನ ಸೂತ್ರವನ್ನು ಬಾಯಿಪಾಠ ಮಾಡುತ್ತಿದ್ದರು: ಮೊದಲ ಮಾತಿಗೆ ಒಪ್ಪಬಾರದು, ಏಳಬೇಕು, ನಿಧಾನ ಹೋಗಬೇಕು, ಬಾಗಿಲವರೆಗೆ ಹೋದರೆ ಕರೀತಾರೆ. ನಾನು ಕಿಟಕಿಯ ಹೊರಗಿನ ಸ್ಟೇಷನ್ನುಗಳನ್ನು ಎಣಿಸುತ್ತಿದ್ದೆ.

ಆಫೀಸಿನ ಕೋಣೆಯಲ್ಲಿ ಮೂವರಿದ್ದರು, ಶೋದಲ್ಲಿ ಇದ್ದ ಹಾಗೆಯೇ. ನಡುವೆ ಆ ಮೇಡಂ, ಮರಾಠಿಯವರು. ಚಿಕ್ಕಮ್ಮ ಡಬ್ಬಿ ಮೇಜಿನ ಮೇಲಿಟ್ಟಳು. ಮೇಡಂ ಮುಚ್ಚಳ ತೆಗೆಯುವ ಮೊದಲೇ ಹೇಳಿದರು, ನಿಮ್ಮ ಬನ್ಸ್ ನಾನು ತಿಂದಿದ್ದೇನೆ, ವಾರಕ್ಕೆ ಎರಡು ದಿನ, ನಲವತ್ತು ಪ್ಲೇಟು, ಒಂದು ತಿಂಗಳು ನೋಡೋಣ, ಸರಿ ಬಂದರೆ ದಿನಾ. ಚಿಕ್ಕಮ್ಮನ ಮುಖ ಅರಳಿತು. ಅವಳ ಬಾಯಿ "ಹೂಂ" ಅನ್ನಲು ತೆರೆದದ್ದು ನಾನು ನೋಡಿದೆ.

ಅಷ್ಟರಲ್ಲಿ ಮಾವ ಎದ್ದರು. "ಹಮ್ಕೋ ಮಂಜೂರ್ ನಹೀಂ" ಅಂದು, ಟಿವಿಯಲ್ಲಿ ಹಪ್ಪಳದ ಬಾಯಿ ಮುಗಿದ ಹಾಗೆಯೇ ಕೈಮುಗಿದು, ಚಿಕ್ಕಮ್ಮನ ತೋಳು ಹಿಡಿದು ಎಬ್ಬಿಸಿ ಹೊರಟರು. ಕಾಕಾ ಹಿಂದೆ ಹಿಂದೆ. ಕರೆಯಲು ಸಮಯ ಸಿಗಲಿ ಅಂತ ಮಾವ ಒಂದೊಂದು ಹೆಜ್ಜೆಗೂ ನಿಲ್ಲುತ್ತಿದ್ದರು. ಬಾಗಿಲಿಗೆ ಹದಿನೈದು ಹೆಜ್ಜೆ. ಹತ್ತನೇ ಹೆಜ್ಜೆಗೆ ಮಾವ ಕಿವಿ ಹಿಂದಕ್ಕೆ ಕೊಟ್ಟರು. ಹದಿಮೂರಕ್ಕೆ ಚಪ್ಪಲಿ ಸರಿಮಾಡಿಕೊಂಡರು. ಬಾಗಿಲ ಹಿಡಿಗೆ ಕೈಹಾಕಿ, ಹಿಡಿ ಚೆನ್ನಾಗಿದೆ ಅಂತ ನೋಡುವವರ ಹಾಗೆ ನಿಂತರು. ಹಿಂದಿನಿಂದ ಮೇಡಂ ಧ್ವನಿ ಬಂತು. "ಠೀಕ್ ಹೈ. ಥ್ಯಾಂಕ್ ಯೂ."

ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಲಿಫ್ಟಿನ ಹತ್ತಿರ ನಾವು ನಾಲ್ವರು ನಿಂತೆವು. ಈಗ ಕರೀತಾರೆ ಅಂದರು ಮಾವ. ಲಿಫ್ಟ್ ಮೂರು ಸಲ ಬಂದು ಹೋಯಿತು. ಇನ್ನೊಂದು ಪಾರ್ಟಿಯವರು, ಕೋಟು ಹಾಕಿದವನೊಬ್ಬ, ಅವನ ಲ್ಯಾಪ್‌ಟಾಪು, ತಲೆಗೆ ಬಿಳಿ ಟೋಪಿ ಹಾಕಿದ ಇಬ್ಬರು ಅಡುಗೆಯವರು, ನಮ್ಮ ಮುಂದೆಯೇ ಒಳಗೆ ಹೋದರು. ಚಿಕ್ಕಮ್ಮ ಬಗ್ಗಿ ಮೊಣಕಾಲು ಒತ್ತಿಕೊಂಡಳು. ನನಗೆ ಅದನ್ನು ನೋಡಲಾಗಲಿಲ್ಲ. ಆ್ಯಪು, ಮಧ್ಯಾಹ್ನ ಹನ್ನೆರಡು, ಟಾಕಿಯ ನೆರಳು ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಮಾವನ ಕೈ ಮೇಲೆ ಹೋಯಿತು. ಕಾಕಾ ಅದನ್ನು ಹಿಡಿದರು. ಆದರೆ ಮಾವನಿಗಿಂತ ಹೆಚ್ಚು ನೊಂದವರು ಕಾಕಾ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಕೆಮ್ಮೂ ಫೋನಿನಾಗ ನೋಡಿದ್ದೇನಲೇ?"

ನಾನು ಹೂಂ ಅಂದೆ. ಕಾಕಾ ಗೋಡೆಗೆ ಒರಗಿದರು.

ಚಿಕ್ಕಮ್ಮ ನನ್ನನ್ನು ಒಮ್ಮೆ ನೋಡಿದಳು. ಬೈಯುತ್ತಾಳೆ ಅಂತ ಕಣ್ಣು ಮುಚ್ಚಿದೆ. ಅವಳು ಬೈಯಲಿಲ್ಲ. "ನನ್ನ ಡಬ್ಬಿ" ಅಂದಳು.

ಡಬ್ಬಿ ಒಳಗೆ ಮೇಜಿನ ಮೇಲೇ ಉಳಿದಿತ್ತು. ಅವಳ ಮದುವೆಗೆ ಊರಿನ ನನ್ನ ಅಜ್ಜಿ ಕೊಟ್ಟದ್ದು, ಹೆಸರು ಕೊರೆಸಿದ್ದು. ಹೋಗಲಿ ಬಿಡು, ಎದ್ದು ಬಂದವರು ಡಬ್ಬಿಗೆ ವಾಪಸ್ ಹೋದರೆ ಮರ್ಯಾದೆ ಉಂಟಾ, ಇನ್ನೊಂದು ತೆಗೆದುಕೊಡುತ್ತೇನೆ ಅಂದರು ಮಾವ. ಚಿಕ್ಕಮ್ಮ ಕೇಳಿಸಿಕೊಳ್ಳಲಿಲ್ಲ. ಆರ್ಡರ್ ಹೋದರೆ ನಾಲ್ಕು ಮನೆಯ ಅಡುಗೆ ಇದ್ದೇ ಇದೆ, ಡಬ್ಬಿ ಮಾತ್ರ ಬಿಟ್ಟು ಬರುವುದಿಲ್ಲ ಅಂತ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ನಾನು ಹಿಂದೆ ಓಡಿದೆ. ಬಾಗಿಲು ತಟ್ಟಲೂ ಇಲ್ಲ ಅವಳು, ಸೀದಾ ನುಗ್ಗಿದಳು.

ಒಳಗೆ ದೀಪ ಆರಿಸಿ, ಗೋಡೆಯ ಮೇಲೆ ಕೋಟಿನವನ ಚಾರ್ಟು, ಬಾಣ, ಬಣ್ಣದ ಗೋಲ ಎಲ್ಲ ಬಿಟ್ಟಿದ್ದರು. ಅದರ ಬೆಳಕಿನಲ್ಲಿ ನೋಡಿದರೆ, ಮೂವರ ಕೈಯಲ್ಲೂ ಬನ್ಸ್. ಮೇಡಂ ಕೆನ್ನೆ ಒಂದು ಕಡೆ ಉಬ್ಬಿತ್ತು. ಕೋಟಿನವನು ಒಬ್ಬನೇ ಗೋಡೆಗೆ ಕೋಲು ತೋರಿಸಿ ಮಾತಾಡುತ್ತಿದ್ದ. ಅವನ ಬೆನ್ನ ಹಿಂದೆ ಅವನದೇ ಬಿಳಿ ಟೋಪಿಯವರು ಇಬ್ಬರೂ ಚಟ್ನಿಯ ಬುಡ ಬಳಿಯುತ್ತಿದ್ದರು.

ಚಿಕ್ಕಮ್ಮ ಡಬ್ಬಿ ಬೇಕು ಅಂದಳು. ಯಾರೋ ದೀಪ ಹಾಕಿದರು. ಡಬ್ಬಿಯೊಳಗೆ ಒಂದು ಚೂರೂ ಇರಲಿಲ್ಲ. ಮೇಡಂ ಬಾಯಲ್ಲಿದ್ದದ್ದನ್ನು ನುಂಗಿ, ನಾಚಿ, ಡಬ್ಬಿ ಎತ್ತಿ ಕೊಡಲು ಹೋದವರು ನಿಂತರು. ಬೇರೆಯವರ ಡಬ್ಬಿಯನ್ನು ಬರಿದಾಗಿ ಹಿಂದೆ ಕೊಡುವುದು ಅವರ ಮನೆಯಲ್ಲೂ ಇಲ್ಲ, ನಮ್ಮ ಮನೆಯಲ್ಲೂ ಇಲ್ಲ. ಸುತ್ತ ನೋಡಿದರು. ಆಫೀಸಿನಲ್ಲಿ ಏನಿರುತ್ತದೆ, ಪೆನ್ನು, ಕಾಗದ. ಕಾಫಿ ಮಶೀನಿನ ಪಕ್ಕ ಸಕ್ಕರೆಯ ಸಣ್ಣ ಸಣ್ಣ ಪೊಟ್ಟಣಗಳಿದ್ದವು. ಎರಡು ಮುಷ್ಟಿ ತಂದು ಡಬ್ಬಿಗೆ ಹಾಕಿದರು.

ಚಿಕ್ಕಮ್ಮ ಮುಚ್ಚಳ ಹಾಕಿದಳು. ಮೇಡಂ ಮುಖ ನೋಡಿದಳು. ಇಲ್ಲಿ ಅವಳು ಅಳಲಿಲ್ಲ, ಸ್ಟೋರಿ ಹೇಳಲಿಲ್ಲ, ಒಂದಾ ಎರಡಾ ಅಂತ ಕೇಳಲಿಲ್ಲ. ಪಕ್ಕದ ಮನೆಯವಳನ್ನು ಕೇಳುವ ಹಾಗೆ ಕೇಳಿದಳು. "ಸೋಮವಾರ್ ಸೇ ಆಊಂ?"

ವಾರಕ್ಕೆ ಎರಡು ದಿನ ಸಾಲುವುದಿಲ್ಲ ಅನ್ನಿಸುತ್ತದೆ ಅಂತ ಮೇಡಂ ಪಕ್ಕದವರ ಕಡೆ ನೋಡಿದರು. ಪಕ್ಕದವರು ಬೆರಳು ನೆಕ್ಕುತ್ತಾ ತಲೆಯಾಡಿಸಿದರು. ನಾಲ್ಕು ದಿನ ಆಯಿತು.

ಹೊರಗೆ ಬಂದಾಗ ಮಾವ ಲಿಫ್ಟಿನ ಹತ್ತಿರ ನೆಲ ನೋಡುತ್ತಾ ನಿಂತಿದ್ದರು. ನಾನು ಓಡಿ ಹೋಗಿ ಸೋಮವಾರದಿಂದ, ವಾರಕ್ಕೆ ನಾಲ್ಕು ದಿನ ಅಂದೆ. ಕಾಕಾ ನನ್ನನ್ನು ಎತ್ತಿಕೊಂಡುಬಿಟ್ಟರು, ಸಿಟ್ಟು ಮರೆತೇಹೋಯಿತು. ಮಾವನ ಬೆನ್ನು ನಿಧಾನಕ್ಕೆ ನೆಟ್ಟಗಾಯಿತು, ಎದೆ ಮುಂದೆ ಬಂತು, ಕಾಲರ್ ಸರಿಮಾಡಿಕೊಂಡರು. ಎರಡು ದಿನದ್ದು ನಾಲ್ಕು ದಿನ ಆದದ್ದು ಹೇಗೆ ಅಂತ ಕಾಂಟ್ರಾಕ್ಟರರಿಗೆ ಗೊತ್ತಾಯಿತಾ, ಅಂತ ಕಾಕಾನಿಗೆ ವಿವರಿಸತೊಡಗಿದರು. ನಾನು ಎದ್ದು ಬಂದದ್ದಕ್ಕೇ ಆದದ್ದು, ಹದಿನೈದು ಹೆಜ್ಜೆ ಹಾಕುವುದಕ್ಕೆ ಗುಂಡಿಗೆ ಬೇಕು, ಆ ಟೈ ಹುಡುಗ ನನ್ನ ಹತ್ತಿರ ಒಂದು ವಾರ ಕಲಿತಿದ್ದರೆ ಅಂತ ಹೇಳುತ್ತಲೇ ಇದ್ದರು.

ಚಿಕ್ಕಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಒಂದು ಸಕ್ಕರೆ ಪೊಟ್ಟಣ ಹರಿದು ಅಣ್ಣನ ಬಾಯಿಗೆ ಸುರಿದಳು.

"ಬಾಯಿ ಸಿಹಿ ಮಾಡಿಕೊ ಅಣ್ಣ. ಆಮೇಲೆ ಮುಚ್ಚು."